ಜಲ್ಲಿ ದಾರಿಗೆ ಡಾಂಬರು ಬೇಡ, ನಿಗಾ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಕಾಲುವೆಗಳ ದಂಡೆ, ರೈಲು ನಿಂತುಹೋದ ಹಳಿಗಳ ಜಾಗ, ಹೊಲಗಳ ನಡುವಿನ ಬಂಡಿ ಜಾಡು, ಇಂಥ ಕಡೆಗಳಲ್ಲಿ ಸೈಕಲ್ ತುಳಿಯುತ್ತ ಪಾಳುಬಿದ್ದ ಗಿರಣಿಗಳನ್ನೂ ಕಲ್ಲಿನ ಸೇತುವೆಗಳನ್ನೂ ಹಳೆಯ ಕೋಟೆಗಳನ್ನೂ ನೋಡಿ ಬರುವ ಪ್ರವಾಸದ ಬಗ್ಗೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಈಚೆಗೆ ಬರಹಗಳು ಹೆಚ್ಚುತ್ತಿವೆ. ಇದು ಸಂತೋಷದ ವಿಷಯ. ಆದರೆ ಇವುಗಳಲ್ಲಿ ಎಷ್ಟೋ ಬರಹಗಳು ಕೊನೆಗೆ ಒಂದೇ ಸಲಹೆಗೆ ಬಂದು ನಿಲ್ಲುತ್ತವೆ: ದಾರಿ ಸುಂದರವಾಗಿದೆ, ವಾಹನಗಳ ಕಾಟವಿಲ್ಲ, ಜಲ್ಲಿಯೊಂದೇ ತೊಂದರೆ, ಅದಕ್ಕೆ ಡಾಂಬರು ಹಾಕಿಬಿಟ್ಟರೆ ಇನ್ನೂ ಹೆಚ್ಚು ಜನ ಬರುತ್ತಾರೆ. ಸದುದ್ದೇಶದಿಂದಲೇ ಹುಟ್ಟಿದ ಈ ಸಲಹೆಯನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ಆ ದಾರಿಗಳು ಇಂದಿಗೂ ನಿಶ್ಶಬ್ದವಾಗಿ ಉಳಿದಿರುವುದಕ್ಕೆ ಜಲ್ಲಿಯೂ ಒಂದು ಕಾರಣ ಎಂಬುದನ್ನು ಸಲಹೆ ಕೊಡುವವರು ಗಮನಿಸಿದಂತಿಲ್ಲ.

ಈ ವಿಷಯವಾಗಿ ಸಂಪಾದಕರಿಗೆ ಪತ್ರ ಬರೆಯುವುದಕ್ಕೆ ಒಂದು ಹಳೆಯ ಮೇಲ್ಪಂಕ್ತಿಯಿದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಿಂದ ಮೇರಿಲ್ಯಾಂಡ್‌ನ ಕಂಬರ್ಲೆಂಡ್‌ವರೆಗೆ, ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ ಸುಮಾರು 297 ಕಿಲೋಮೀಟರ್ ಉದ್ದದ ಚೆಸಪೀಕ್ ಮತ್ತು ಒಹಾಯೊ ಕಾಲುವೆ ಇದೆ. 1828ರಲ್ಲಿ ಶುರುವಾದ ಅದರ ಕೆಲಸ ಮುಗಿದದ್ದು 1850ರಲ್ಲಿ. ಕೆಲಸ ಶುರುವಾದ ದಿನವೇ ಅದರ ಪ್ರತಿಸ್ಪರ್ಧಿಯಾದ ರೈಲು ಮಾರ್ಗಕ್ಕೂ ಶಂಕುಸ್ಥಾಪನೆಯಾಗಿತ್ತು, ಹಾಗಾಗಿ ಕಾಲುವೆ ಪೂರ್ತಿಯಾಗುವ ಹೊತ್ತಿಗೆ ರೈಲು ಅದನ್ನು ಹಿಂದೆ ಹಾಕಿಯಾಗಿತ್ತು. ಹಾಗಿದ್ದರೂ ಹೇಸರಗತ್ತೆಗಳು ಹಗ್ಗ ಕಟ್ಟಿ ಎಳೆಯುವ ದೋಣಿಗಳು ಅಲ್ಲಿ ಕಲ್ಲಿದ್ದಲು ಸಾಗಿಸುತ್ತ 1924ರ ಪ್ರವಾಹದವರೆಗೂ ಓಡಾಡಿದವು. ಆಮೇಲೆ ಕಾಲುವೆಯೂ ಹೇಸರಗತ್ತೆಗಳು ನಡೆಯುತ್ತಿದ್ದ ದಂಡೆಯ ದಾರಿಯೂ ಪಾಳುಬಿದ್ದವು. ಐವತ್ತರ ದಶಕದ ಆರಂಭದಲ್ಲಿ ಆ ಜಾಡಿನಲ್ಲಿ ಮೋಟಾರು ರಸ್ತೆ ಮಾಡುವ ಯೋಜನೆ ಬಂತು, 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು.

ಅದನ್ನು ಓದಿದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಅವರು ಅದೇ ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದರು. ಸಂಪಾದಕೀಯ ಬರೆದವರು ತಮ್ಮ ಜೊತೆ ಆ ದಂಡೆಯ ಉದ್ದಕ್ಕೂ ನಡೆದು ಬರಲಿ, ಆಮೇಲೂ ರಸ್ತೆ ಬೇಕೆನಿಸಿದರೆ ನೋಡೋಣ ಎಂಬುದು ಪತ್ರದ ತಾತ್ಪರ್ಯ. ಸಂಪಾದಕರು ಸವಾಲನ್ನು ಒಪ್ಪಿಕೊಂಡರು. ಮಾರ್ಚ್ ತಿಂಗಳಲ್ಲಿ ಕಂಬರ್ಲೆಂಡ್ ಕಡೆಯಿಂದ ಹೊರಟ ತಂಡ ಎಂಟು ದಿನ ನಡೆಯಿತು. ಹೊರಟವರು ಹಲವರು, ಪೂರ್ತಿ ದೂರವನ್ನು ಕಾಲ್ನಡಿಗೆಯಲ್ಲೇ ಮುಗಿಸಿದವರು ಡಗ್ಲಸ್ ಅವರೂ ಸೇರಿ ಒಂಬತ್ತೇ ಮಂದಿ. ಪತ್ರಿಕೆ ತನ್ನ ನಿಲುವನ್ನು ಸಡಿಲಿಸಿತು, ರಸ್ತೆಯ ಯೋಜನೆ ಕ್ರಮೇಣ ಮೂಲೆ ಸೇರಿತು, 1971ರಲ್ಲಿ ಇಡೀ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಪತ್ರಿಕೆಯೊಂದು ತನ್ನ ಸಂಪಾದಕೀಯವನ್ನು ಕಾಲ್ನಡಿಗೆಯಲ್ಲಿ ಪರೀಕ್ಷಿಸಿದ ಇಂಥ ಪ್ರಸಂಗಗಳು ಅಪರೂಪ. (ನನ್ನ ಪತ್ರಕ್ಕೆ ಅಷ್ಟು ದೊಡ್ಡ ಪರಿಣಾಮವನ್ನು ನಾನು ನಿರೀಕ್ಷಿಸುತ್ತಿಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.)

ಅಲ್ಲಿ ಉಳಿದದ್ದು ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಕಾಲುವೆಯಲ್ಲಿ ದೋಣಿಗಳನ್ನು ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ 74 ಲಾಕುಗಳಿವೆ, ಹಲವು ಲಾಕುಗಳ ಪಕ್ಕದಲ್ಲಿ ಕಾವಲುಗಾರನ ಕುಟುಂಬ ವಾಸವಿದ್ದ ಸಣ್ಣ ಮನೆ ಈಗಲೂ ನಿಂತಿದೆ. ಪಾ ಪಾ ಎಂಬಲ್ಲಿ ಬೆಟ್ಟವನ್ನೇ ಕೊರೆದು ಮಾಡಿದ ಸುಮಾರು 950 ಮೀಟರ್ ಉದ್ದದ ಸುರಂಗವಿದೆ. 1836ರಲ್ಲಿ ಅಗೆಯಲು ತೊಡಗಿ 14 ವರ್ಷ ಹಿಡಿದ ಕೆಲಸ ಅದು. ಒಳಗೆ ಕಾಲುವೆಯ ಒಂದು ಬದಿಗೆ ಕಿರಿದಾದ ದಂಡೆ, ದಂಡೆಗೆ ಕಟ್ಟಿಗೆಯ ಕಟಕಟೆ. ಸೈಕಲ್ಲಿನಿಂದ ಇಳಿದು, ಕೈಯಲ್ಲಿ ಟಾರ್ಚ್ ಹಿಡಿದು, ನೆಲ ನೋಡಿಕೊಂಡು ನಡೆಯಬೇಕು. ಕಟಕಟೆಯ ಮೇಲೆ ಬೆಳಕು ಬಿಟ್ಟರೆ ದೋಣಿ ಎಳೆಯುವ ಹಗ್ಗಗಳು ವರ್ಷಗಟ್ಟಲೆ ಉಜ್ಜಿ ಉಜ್ಜಿ ಮೂಡಿಸಿದ ಗೀರುಗಳು ಕಾಣುತ್ತವೆ. ಅಲ್ಲಿ ನಡೆದುಹೋಗುವವನು ಹೇಸರಗತ್ತೆಯ ವೇಗದಲ್ಲೇ ಸಾಗುತ್ತಾನೆ, ಅದಕ್ಕೇ ಆ ಗೀರುಗಳು ಅವನ ಕಣ್ಣಿಗೆ ಬೀಳುತ್ತವೆ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ರಸ್ತೆಗೆ ಈ ಸುರಂಗ ಬರೀ ಅಡ್ಡಿಯಾಗುತ್ತಿತ್ತು.

ಇನ್ನು ಜಲ್ಲಿಯ ವಿಷಯ. ಜಲ್ಲಿ ಹಾಸಿದ ದಾರಿಯೆಂದರೆ ಡಾಂಬರಿಗೆ ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟ ರಸ್ತೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಇತಿಹಾಸ ಬೇರೆಯೇ ಇದೆ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕಾಡಮ್ (1756–1836) ರೂಪಿಸಿದ ರಸ್ತೆಯ ಮೂಲತತ್ತ್ವ ತೀರ ಸರಳವಾದದ್ದು: ಭಾರ ಹೊರುವುದು ನೆಲವೇ, ಆ ನೆಲವನ್ನು ಒಣಗಿಸಿಟ್ಟರೆ ಸಾಕು, ಮೇಲಿನ ಕಲ್ಲಿನ ಪದರ ಅದಕ್ಕೊಂದು ಸೂರು ಮಾತ್ರ. ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ ಹೆಚ್ಚು ತೂಕದ ಕಲ್ಲು ರಸ್ತೆಯಲ್ಲಿ ಇರಬಾರದು ಎಂದು ಅವನು ಪಟ್ಟು ಹಿಡಿದದ್ದಕ್ಕೆ ಕಾರಣವಿತ್ತು. ಒಡೆದ ಕಲ್ಲಿಗೆ ಮೂಲೆಗಳಿರುತ್ತವೆ. ಓಡಾಟದ ಭಾರಕ್ಕೆ ಆ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು, ನಡುವಿನ ಸಂದುಗಳಿಗೆ ಪುಡಿ ಇಳಿದು, ಮೇಲ್ಮೈ ಗಟ್ಟಿಯಾಗುತ್ತದೆ. ಹೊಳೆಯ ನುಣುಪು ಗುಂಡುಕಲ್ಲು ಹೀಗೆ ಕಚ್ಚಿಕೊಳ್ಳುವುದಿಲ್ಲ, ಚಕ್ರದ ಕೆಳಗೆ ಉರುಳುತ್ತಲೇ ಇರುತ್ತದೆ. ಜಲ್ಲಿ ದಾರಿಯಲ್ಲಿ ಬಿದ್ದು ಮಂಡಿ ತರಚಿಕೊಂಡವರಲ್ಲಿ ಅನೇಕರು ದೂರಬೇಕಾದದ್ದು ಜಲ್ಲಿಯನ್ನಲ್ಲ, ತಪ್ಪು ಜಾತಿಯ ಕಲ್ಲನ್ನು ತಂದು ಸುರಿದವರನ್ನು.

ಈ ರಸ್ತೆಗಳು ಕುದುರೆಗಾಡಿಗಳಿಗೂ ಸೈಕಲ್ಲುಗಳಿಗೂ ಚೆನ್ನಾಗಿಯೇ ಒಗ್ಗಿದ್ದವು. ಅವು ಕೆಟ್ಟದ್ದು ಮೋಟಾರು ಬಂದ ಮೇಲೆ. ವೇಗವಾಗಿ ತಿರುಗುವ ರಬ್ಬರ್ ಟಯರು ಕಲ್ಲುಗಳ ನಡುವಿನ ಪುಡಿಯನ್ನು ಕಿತ್ತು ಮೇಲಕ್ಕೆಸೆಯಿತು, ಹಿಡಿತ ತಪ್ಪಿದ ಜಲ್ಲಿ ಚೆದುರಿತು, ಊರೂರೂ ಧೂಳಿನಿಂದ ಕಂಗೆಟ್ಟವು. ಆ ಧೂಳನ್ನು ಹಿಡಿದಿಡಲು ಟಾರಿನ ಬಳಕೆ ಹಬ್ಬಿತು; ಟಾರು ಬೆರೆಸಿದ ಜಲ್ಲಿಗೆ ಇಂಗ್ಲೆಂಡಿನ ಎಡ್ಗರ್ ಪರ್ನೆಲ್ ಹೂಲಿ ಪೇಟೆಂಟ್ ಪಡೆದದ್ದು 1902ರಲ್ಲಿ. ಎಂದರೆ ರಸ್ತೆಗೆ ಟಾರಿನ ಹೊದಿಕೆ ಅನಿವಾರ್ಯವಾದದ್ದು ಮೋಟಾರು ವಾಹನದ ವೇಗ ಮತ್ತು ಭಾರದಿಂದ. ಅವೆರಡೂ ಇಲ್ಲದ ದಾರಿಗೆ, ಅವೆರಡೂ ಎಂದೂ ಬರಬಾರದೆಂದು ನಾವು ಬಯಸುವ ದಾರಿಗೆ, ಆ ಮದ್ದನ್ನು ಏಕೆ ಹಚ್ಚಬೇಕು? ರಸ್ತೆಗೆ ಆಗುವ ಹಾನಿ ಚಕ್ರಗಳ ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎಂಬುದು ಹೆದ್ದಾರಿ ಎಂಜಿನಿಯರುಗಳು ಪರೀಕ್ಷೆಗಳಿಂದ ಕಂಡುಕೊಂಡ ಲೆಕ್ಕ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಈ ಲೆಕ್ಕದಲ್ಲಿ ಸೈಕಲ್ಲಿನಿಂದ ಆಗುವ ಹಾನಿ ಗಣನೆಗೇ ಬಾರದು. ಜಲ್ಲಿ ದಾರಿಯ ಮೇಲೆ ಕಾಣುವ, ಸವಾರನ ಹಲ್ಲು ಕಟಕಟ ಎನ್ನಿಸುವ ಸಾಲು ಸಾಲು ಅಲೆಗಳೂ ಬಹುಪಾಲು ವೇಗದ ವಾಹನಗಳ ಕೆಲಸವೇ.

ಈ ಕಥೆಯಲ್ಲಿ ಸೈಕಲ್ ಸವಾರರ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. 1880ರಲ್ಲಿ ಹುಟ್ಟಿದ ಅಮೆರಿಕದ ಸೈಕಲ್ ಸವಾರರ ಸಂಘವೇ ಒಳ್ಳೆಯ ರಸ್ತೆಗಳಿಗಾಗಿ ದೊಡ್ಡ ಚಳವಳಿ ನಡೆಸಿದ್ದು. ಕೆಸರಿನಲ್ಲಿ ಸೈಕಲ್ ಹೊತ್ತು ನಡೆದವರು ನುಣುಪು ರಸ್ತೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅವರು ಹೋರಾಡಿ ಪಡೆದ ರಸ್ತೆಯಲ್ಲಿ ಕೆಲವೇ ದಶಕಗಳಲ್ಲಿ ಅವರಿಗೇ ಜಾಗವಿಲ್ಲದಂತಾಯಿತು. ಮೇಲ್ಮೈ ನುಣುಪಾದಲ್ಲಿಗೆ ವೇಗ ಬರುತ್ತದೆ, ವೇಗ ಬಂದಲ್ಲಿಗೆ ಮೋಟಾರು ಬರುತ್ತದೆ. ಗೇಟು, ಕಂಬ, ಫಲಕಗಳಿಂದ ತಡೆಯಬಹುದು ಎಂಬ ವಾದವನ್ನು ಕೇಳಿದ್ದೇನೆ. ತಡೆಯಬಹುದು, ಸ್ವಲ್ಪ ಕಾಲ. ನುಣುಪಾದ ಒಳದಾರಿಯೊಂದು ಇದೆ ಎಂದು ಒಮ್ಮೆ ಗೊತ್ತಾದರೆ ಆ ಕಂಬವನ್ನು ಕಿತ್ತುಹಾಕಬೇಕೆಂಬ ಅರ್ಜಿ ಬರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಹಾಗೆಂದು ಜಲ್ಲಿ ಹಾಸಿ ಕೈತೊಳೆದುಕೊಂಡರೆ ಆಯಿತೆಂದು ನಾನು ಹೇಳುತ್ತಿಲ್ಲ. ಇಂಥ ದಾರಿಗಳು ಕೆಡುವುದು ನೀರಿನಿಂದ. ನಡುವೆ ತುಸು ಉಬ್ಬಿರಬೇಕಾದ ದಾರಿ ಸವೆದು ಸಪಾಟಾದಾಗ ಮಳೆಯ ನೀರು ಪಕ್ಕದ ಚರಂಡಿಗೆ ಇಳಿಯದೆ ದಾರಿಯ ಉದ್ದಕ್ಕೇ ಹರಿಯತೊಡಗುತ್ತದೆ. ಮೊದಲ ಮಳೆಗೆ ಬೆರಳಗಲದ ಒಂದು ಕೊರಕಲು. ಪುಡಿ ತೊಳೆದುಹೋಗಿ ಕಲ್ಲಿನ ಹಲ್ಲುಗಳಷ್ಟೇ ಕಾಣುತ್ತವೆ. ಅದನ್ನು ಒಂದು ಸನಿಕೆ, ಒಂದು ಬುಟ್ಟಿ ಜಲ್ಲಿಪುಡಿ, ಒಬ್ಬ ಆಳು ಅರ್ಧ ಗಂಟೆಯಲ್ಲಿ ಸರಿಮಾಡಬಹುದು. ಹಾಗೆಯೇ ಬಿಟ್ಟರೆ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಕೊರಕಲು ಮೊಣಕಾಲುದ್ದದ ಹಳ್ಳವಾಗುತ್ತದೆ. ಸವಾರರು ಅದನ್ನು ತಪ್ಪಿಸಲು ಹುಲ್ಲಿನ ಮೇಲೆ ಹೊಸ ಜಾಡು ಮಾಡುತ್ತಾರೆ. ದಾರಿ ಎರಡಾಗುತ್ತದೆ, ಅಂಚು ಕುಸಿಯುತ್ತದೆ. ಆಗ ಎಲ್ಲರೂ ಡಾಂಬರೇ ಪರಿಹಾರ ಎನ್ನತೊಡಗುತ್ತಾರೆ. ಆದರೆ ನೀರಿಗೆ ದಾರಿ ಮಾಡಿಕೊಡದೆ ಹಾಕಿದ ಡಾಂಬರೂ ಹಾಗೆಯೇ ಕಿತ್ತುಬರುತ್ತದೆ, ಅದನ್ನು ಸರಿಮಾಡಲು ಮಾತ್ರ ಸನಿಕೆ ಸಾಲದು, ಯಂತ್ರಗಳೇ ಬೇಕು. ಮೋರಿ ಶುಚಿ ಮಾಡುವ ಕೆಲಸಕ್ಕೆ ಉದ್ಘಾಟನಾ ಸಮಾರಂಭ ಇರುವುದಿಲ್ಲ ಎಂಬುದೇ ಇದರ ದೊಡ್ಡ ಸಮಸ್ಯೆ ಎಂದು ನನಗನಿಸುತ್ತದೆ.

ಹಳೆಯ ರೈಲು ಮಾರ್ಗಗಳು ಈ ದೃಷ್ಟಿಯಿಂದ ವರವಿದ್ದಂತೆ. ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲವಾದ್ದರಿಂದ ಎಂಜಿನಿಯರುಗಳು ಬೆಟ್ಟವನ್ನು ಕಡಿದೋ ಕಣಿವೆಗೆ ಸೇತುವೆ ಕಟ್ಟಿಯೋ ಏರನ್ನು ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸಿನಲ್ಲಿ ಇಟ್ಟಿದ್ದರು. ಮೋರಿ, ಚರಂಡಿಗಳನ್ನೂ ಆಗಲೇ ಕಟ್ಟಿದ್ದರು. ಮಕ್ಕಳೂ ಅರವತ್ತು ದಾಟಿದವರೂ ಏದುಸಿರಿಲ್ಲದೆ ತುಳಿಯಬಹುದಾದ ಏರು ಅದು. ನ್ಯೂಜಿಲೆಂಡಿನ ಒಟಾಗೊ ಪ್ರಾಂತ್ಯದಲ್ಲಿ ಮಿಡ್ಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗಿನ ಸುಮಾರು 150 ಕಿಲೋಮೀಟರ್ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ. 1860ರ ದಶಕದಲ್ಲಿ ಚಿನ್ನ ಹುಡುಕುವವರು ಮುಗಿಬಿದ್ದ ನಾಡು ಅದು. ಆಮೇಲೆ ಅಲ್ಲಿಗೆ ರೈಲು ಬಂತು, ಕ್ಲೈಡ್ ಅಣೆಕಟ್ಟಿನ ಕೆಲಸಕ್ಕೆ ಸಾಮಾನು ಹೊತ್ತು ತಂದದ್ದೇ ಅದರ ಕೊನೆಯ ದೊಡ್ಡ ಕೆಲಸ. 1990ರಲ್ಲಿ ಮಾರ್ಗ ಮುಚ್ಚಿತು, ಹಳಿ ಕಿತ್ತರು, 2000ನೇ ಇಸವಿಯಲ್ಲಿ ಅದೇ ಜಾಗ ಜಲ್ಲಿ ಹಾಸಿದ ಸೈಕಲ್ ದಾರಿಯಾಗಿ ತೆರೆಯಿತು. ಸುರಂಗಗಳೂ ಕಲ್ಲುಗಂಬದ ಸೇತುವೆಗಳೂ ಇದ್ದಲ್ಲೇ ಇವೆ. ರೈಲು ಹೋದ ಮೇಲೆ ಬಡಕಲಾಗಿದ್ದ ಸಣ್ಣ ಊರುಗಳಲ್ಲಿ ಸವಾರರಿಗಾಗಿ ವಸತಿಗೃಹಗಳೂ ಊಟದ ಮನೆಗಳೂ ಎದ್ದವು. ಡಾಂಬರಿಲ್ಲದಿದ್ದರೆ ಜನ ಬರುವುದಿಲ್ಲ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು. ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ಸುಣ್ಣಕಲ್ಲಿನ ಪುಡಿ ಹಾಸಿದ ಕೇಟಿ ದಾರಿಯೂ, ಕಂಬರ್ಲೆಂಡಿನಿಂದ ಪಿಟ್ಸ್‌ಬರ್ಗ್‌ವರೆಗೆ 2013ರಲ್ಲಿ ಪೂರ್ತಿಯಾದ ಗ್ರೇಟ್ ಅಲೆಗೇನಿ ದಾರಿಯೂ ಇದೇ ಮಾತನ್ನು ಹೇಳುತ್ತವೆ.

ಸ್ಪೇನಿನ ಉದಾಹರಣೆ ಇನ್ನೂ ವಿಚಿತ್ರ. ಅಲ್ಲಿ 1993ರಿಂದ ನಿಂತುಹೋದ ರೈಲು ಮಾರ್ಗಗಳನ್ನು ‘ಹಸಿರು ದಾರಿ’ಗಳಾಗಿಸುವ ಕಾರ್ಯಕ್ರಮ ನಡೆಯುತ್ತಿದೆ. ದಕ್ಷಿಣದ ಪುವೆರ್ತೊ ಸೆರ್ರಾನೊದಿಂದ ಓಲ್ವೆರಾವರೆಗಿನ 36 ಕಿಲೋಮೀಟರ್ ದಾರಿಯಲ್ಲಿ 30 ಸುರಂಗಗಳೂ 4 ದೊಡ್ಡ ಸೇತುವೆಗಳೂ ಇವೆ, ಆದರೆ ಆ ಮಾರ್ಗದಲ್ಲಿ ಒಂದೇ ಒಂದು ರೈಲೂ ಓಡಲಿಲ್ಲ. 1920ರ ದಶಕದಲ್ಲಿ ಶುರುವಾದ ಕೆಲಸ ಅರ್ಧಕ್ಕೆ ನಿಂತಿತು. ರೈಲಿಗೆಂದು ಕೊರೆದ ಸುರಂಗಗಳಲ್ಲಿ ಈಗ ಸೈಕಲ್ಲುಗಳ ಗಂಟೆ ಕೇಳುತ್ತದೆ, ಹೊರಗೆ ಬಂದರೆ ಜಾಫ್ರಮಾಗೋನ್ ಬಂಡೆಯಲ್ಲಿ ಗೂಡು ಕಟ್ಟಿದ ರಣಹದ್ದುಗಳು ಕಾಣುತ್ತವೆ. ವಾಹನಗಳ ಸದ್ದು ಹತ್ತಿರದಲ್ಲೇ ಇದ್ದಿದ್ದರೆ ಈ ಎರಡನೆಯ ನೋಟದ ಬಗ್ಗೆ ನನಗೆ ಅಷ್ಟು ಭರವಸೆ ಇರುತ್ತಿರಲಿಲ್ಲ.

ಇಟಲಿಯ ಟಸ್ಕನಿಯ ‘ಬಿಳಿ ರಸ್ತೆ’ಗಳನ್ನು ಹೇಳದೆ ಈ ವಿಷಯ ಪೂರ್ತಿಯಾಗದು. ದ್ರಾಕ್ಷಿ ತೋಟಗಳ ನಡುವೆ, ಸೈಪ್ರೆಸ್ ಮರಗಳ ಸಾಲಿನ ಪಕ್ಕ, ದಿಬ್ಬದ ಮೇಲಿನ ಹಳೆಯ ಊರಿಂದ ಊರಿಗೆ ಹೋಗುವ ಜಲ್ಲಿ ರಸ್ತೆಗಳು ಅವು. ಒಂದೊಂದಾಗಿ ಡಾಂಬರಿಗೆ ಬಲಿಯಾಗುತ್ತಿದ್ದ ಅವನ್ನು ಉಳಿಸಬೇಕೆಂದು ಜಾನ್‌ಕಾರ್ಲೊ ಬ್ರೋಚಿ ಎಂಬವರು 1997ರಲ್ಲಿ ಕಿಯಾಂತಿಯ ಗಾಯೋಲೆ ಎಂಬ ಊರಿನಿಂದ ‘ಎರೊಯಿಕಾ’ ಎಂಬ ಸವಾರಿ ಶುರುಮಾಡಿದರು. 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲುಗಳೇ ಆಗಬೇಕೆಂಬುದು ಅದರ ಪ್ರಸಿದ್ಧ ನಿಯಮ. ಮೊದಲ ವರ್ಷ ಬಂದವರು 92 ಮಂದಿ. ಹತ್ತು ವರ್ಷ ಕಳೆಯುವಷ್ಟರಲ್ಲಿ, 2007ರಲ್ಲಿ, ಅದೇ ರಸ್ತೆಗಳ ಮೇಲೆ ವೃತ್ತಿಪರರ ಪಂದ್ಯವೂ ಶುರುವಾಯಿತು, ಈಗ ಅದು ಸಿಯೆನಾದ ಚೌಕದಲ್ಲಿ ಮುಗಿಯುವ ದೊಡ್ಡ ಪಂದ್ಯ. ಡಾಂಬರು ಹಾಕಿದ್ದರೆ ಆ ರಸ್ತೆಗಳ ಹೆಸರನ್ನು ಹೊರಗಿನವರು ಕೇಳುತ್ತಲೂ ಇರಲಿಲ್ಲ. ಆದರೆ ಎರಡು ಮಾತು ಸೇರಿಸಬೇಕು. ಅವು ಪೂರ್ತಿ ವಾಹನಮುಕ್ತ ರಸ್ತೆಗಳಲ್ಲ, ರೈತರ ಟ್ರ್ಯಾಕ್ಟರುಗಳೂ ಊರವರ ಕಾರುಗಳೂ ಓಡಾಡುತ್ತವೆ, ಹಾಗೆ ಓಡಾಡುವುದು ಅವರ ಹಕ್ಕೂ ಹೌದು. ಎರಡನೆಯದಾಗಿ, ಪಂದ್ಯದ ಕೀರ್ತಿ ಬಂದ ಮೇಲೆ ಸೈಕಲ್ ಸವಾರರೇ ವೇಗದ ಹುಚ್ಚು ಹಿಡಿಸಿಕೊಂಡು ಬರುತ್ತಾರೆ. ನಡೆಯುವವರ ಹಿಂದಿನಿಂದ ಗಂಟೆಯನ್ನೂ ಬಾರಿಸದೆ ಜಲ್ಲಿ ಚಿಮ್ಮಿಸಿಕೊಂಡು ಹೋಗುವ ಸವಾರನಿಗೆ ಮೋಟಾರಿನವನನ್ನು ದೂರುವ ನೈತಿಕ ಹಕ್ಕಿಲ್ಲ.

ಈ ಹಕ್ಕುಗಳ ವಿಷಯದಲ್ಲಿ ಇಂಗ್ಲೆಂಡಿನ ವ್ಯವಸ್ಥೆ ನನಗೆ ಇಷ್ಟವಾಗುತ್ತದೆ. ಅಲ್ಲಿ ಕುದುರೆ ದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕನ್ನು 1968ರ ಗ್ರಾಮಾಂತರ ಕಾಯಿದೆ ಕೊಟ್ಟಿತು, ಅದೇ ಕಾಯಿದೆ ಸವಾರನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂಬ ಷರತ್ತನ್ನೂ ಹಾಕಿತು. ಏವ್‌ಬರಿಯ ಶಿಲಾವೃತ್ತದ ಹತ್ತಿರದಿಂದ ಹೊರಟು ಸುಣ್ಣಕಲ್ಲಿನ ದಿಬ್ಬಗಳ ನೆತ್ತಿಯ ಮೇಲೆ ಸಾಗುವ ರಿಜ್‌ವೇ ಎಂಬ ಪುರಾತನ ದಾರಿಯ ಪಶ್ಚಿಮ ಭಾಗದಲ್ಲಿ ಸೈಕಲ್ಲಿಗೆ ಅವಕಾಶವಿದೆ. ವೇಲ್ಯಾಂಡ್ಸ್ ಸ್ಮಿಥಿ ಎಂಬ ನವಶಿಲಾಯುಗದ ಸಮಾಧಿಯೂ ಅಫಿಂಗ್ಟನ್ನಿನಲ್ಲಿ ಗುಡ್ಡದ ಮೈಯಲ್ಲಿ ಕಾಲುವೆ ತೋಡಿ ಬಿಳಿ ಸುಣ್ಣಕಲ್ಲಿನ ಪುಡಿ ತುಂಬಿ ಬಿಡಿಸಿದ ಸುಮಾರು ಮೂರು ಸಾವಿರ ವರ್ಷ ಹಳೆಯ ಬಿಳಿಯ ಕುದುರೆಯೂ ಅದರ ಪಕ್ಕದಲ್ಲೇ ಇವೆ. ಮೋಟಾರು ವಾಹನಗಳು ಓಡಾಡುತ್ತಿದ್ದ ಕಡೆ ಅಲ್ಲಿ ಬಿದ್ದಿದ್ದ ಚಕ್ರದ ಹಳ್ಳಗಳು ನಡೆಯುವವರಿಗೂ ತೊಡಕಾಗಿದ್ದವು; 2006ರ ಕಾನೂನು ಇಂಥ ಹಲವು ಹಳೆಯ ದಾರಿಗಳ ಮೇಲೆ ಮೋಟಾರಿಗಿದ್ದ ಹಕ್ಕನ್ನು ಮೊಟಕುಗೊಳಿಸಿತು. ನಿಶ್ಶಬ್ದಕ್ಕೂ ಕಾನೂನಿನ ಆಸರೆ ಬೇಕು ಎಂಬುದಕ್ಕೆ ಇದು ಸಾಕ್ಷಿ.

ನನ್ನ ವಾದಕ್ಕೆ ಒಂದು ಆಕ್ಷೇಪ ನಿಜಕ್ಕೂ ತೂಕದ್ದು. ಗಾಲಿಕುರ್ಚಿಯಲ್ಲಿ ಬರುವವರು, ತಳ್ಳುಗಾಡಿಯಲ್ಲಿ ಕೂಸನ್ನು ಕರೆತರುವವರು, ಊರುಗೋಲು ಹಿಡಿದ ಹಿರಿಯರು ಸಡಿಲ ಜಲ್ಲಿಯಲ್ಲಿ ಹೇಗೆ ಸಾಗಬೇಕು? ನುಣ್ಣಗೆ ಪುಡಿಮಾಡಿದ ಕಲ್ಲನ್ನು ನೀರು ಹಾಕಿ ರೋಲರಿನಿಂದ ಚೆನ್ನಾಗಿ ಬಿಗಿಗೊಳಿಸಿದರೆ ಬಹುಮಟ್ಟಿಗೆ ಎಲ್ಲರೂ ಬಳಸಬಹುದಾದ ನೆಲ ಸಿಗುತ್ತದೆ, ಅದನ್ನು ಹಾಗೆಯೇ ಉಳಿಸಿಕೊಳ್ಳುವುದಷ್ಟೇ ಕಷ್ಟ. ಊರಿಗೆ ಹತ್ತಿರದ, ದಿನವೂ ನೂರಾರು ಜನ ಕೆಲಸಕ್ಕೂ ಶಾಲೆಗೂ ಓಡಾಡುವ ತುಂಡುಗಳಿಗೆ ಡಾಂಬರು ಹಾಕುವುದಾದರೆ ನನ್ನ ವಿರೋಧವಿಲ್ಲ. ನಾನು ಹೇಳುತ್ತಿರುವುದು ಅದರಾಚೆಯ ಉದ್ದನೆಯ ದಾರಿಯನ್ನು, ಮುಖ್ಯವಾಗಿ ದಾರಿಯೇ ಒಂದು ಸ್ಮಾರಕವಾಗಿರುವ ಜಾಗಗಳನ್ನು ಕುರಿತು. ರಸ್ತೆ ಅಗಲ ಮಾಡಲು ಅಗೆಯುವ ಯಂತ್ರಕ್ಕೆ ಕೆಳಗಿರುವುದು ಹಳೆಯ ಕಲ್ಲುಹಾಸೋ ಬರೀ ಮಣ್ಣೋ ಎಂಬ ಭೇದ ತಿಳಿಯುವುದಿಲ್ಲ.

ಕೊನೆಯದಾಗಿ ಪತ್ರಿಕೆಗಳಲ್ಲಿ ಒಂದು ವಿನಂತಿ. ಇಂಥ ದಾರಿಗಳನ್ನು ಪರಿಚಯಿಸುವಾಗ ಸೂರ್ಯಾಸ್ತದ ಚಿತ್ರದ ಜೊತೆಗೆ ನಾಲ್ಕು ಉಪಯುಕ್ತ ಸಂಗತಿಗಳನ್ನೂ ಕೊಡಿ. ವಾಹನವೇ ಇಲ್ಲ ಎಂದು ಬರೆದ ದಾರಿಯೂ ಎಲ್ಲೋ ಒಂದೆರಡು ಕಡೆ ದೊಡ್ಡ ರಸ್ತೆಯನ್ನು ದಾಟುತ್ತದೆ; ಗಂಟೆಗಟ್ಟಲೆ ನಿಶ್ಶಬ್ದದಲ್ಲಿ ಸಾಗಿ ಎಚ್ಚರ ಸಡಿಲಿಸಿದ ಸವಾರನಿಗೆ ಅಪಾಯವಿರುವುದು ಅಲ್ಲಿಯೇ, ಆದ್ದರಿಂದ ಆ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ಜಲ್ಲಿ ಬಿಗಿಯೋ ಸಡಿಲವೋ, ಸಪುರ ಟಯರಿನ ಸೈಕಲ್ ಸಾಕೋ ಅಥವಾ ನಲವತ್ತು ಮಿಲಿಮೀಟರ್ ಅಗಲದ ಟಯರಿಗೆ ಗಾಳಿ ಕಡಿಮೆ ಮಾಡಿಕೊಂಡು ಬರಬೇಕೋ ತಿಳಿಸಿ. ಸುರಂಗದಲ್ಲಿ ದೀಪವಿದೆಯೇ, ಮಳೆಗಾಲದಲ್ಲಿ ದಾರಿ ತೆರೆದಿರುತ್ತದೆಯೇ, ಕುಡಿಯುವ ನೀರು ಎಷ್ಟು ದೂರಕ್ಕೊಮ್ಮೆ ಸಿಗುತ್ತದೆ ಎಂಬುದನ್ನೂ ಬರೆಯಿರಿ. ಯಾವುದೇ ಇಲಾಖೆ ಹೊಸ ದಾರಿಯೊಂದನ್ನು ಘೋಷಿಸಿದಾಗ ಅದನ್ನು ಕಟ್ಟಲು ತೆಗೆದಿಟ್ಟ ಹಣ ಎಷ್ಟೆಂದು ಕೇಳುವ ವರದಿಗಾರರು, ಮುಂದಿನ ಹತ್ತು ವರ್ಷ ಅದರ ಚರಂಡಿಗಳನ್ನು ಶುಚಿ ಮಾಡಲು ತೆಗೆದಿಟ್ಟದ್ದು ಎಷ್ಟೆಂದೂ ಕೇಳಲಿ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಸೈಕಲ್ ಸವಾರ